ಬೆಂಕಿಗೂಡಿನ ಮರದಿಂದ ಹುಟ್ಟಿದ ಗಿಟಾರು

ಪಕ್ಕದೂರಿನ ಜಾತ್ರೆಯ ರಸಮಂಜರಿ ಕಾರ್ಯಕ್ರಮದ ಸುದ್ದಿ ಮಾಡಲು ಹೋಗಿದ್ದೆವು. ವೇದಿಕೆಯ ಹಿಂದೆ ಒಬ್ಬ ಹುಡುಗ ಎಲೆಕ್ಟ್ರಿಕ್ ಗಿಟಾರಿನ ತಂತಿ ಬಿಗಿಯುತ್ತಾ ಕೂತಿದ್ದ. ಯಾವ ಕಂಪನಿಯದು ಎಂದು ಕೇಳಿದೆವು. "ಕಂಪನಿದಲ್ಲ ಸಾರ್, ನಾನೇ ಜೋಡಿಸಿದ್ದು. ಒಂದೊಂದು ಪಾರ್ಟು ಒಂದೊಂದು ಕಡೆಯಿಂದ. ಬಣ್ಣ ಗ್ಯಾರೇಜಲ್ಲಿ ಹೊಡೆಸಿದ್ದು" ಎಂದ. ಹೇಳುವಾಗ ಸ್ವಲ್ಪ ನಾಚಿಕೊಂಡ. ಹೊಸದು ಕೊಳ್ಳಲು ದುಡ್ಡಿಲ್ಲದವನು ಹೀಗೆ ಮಾಡುತ್ತಾನೆ ಎಂಬ ಭಾವ ಅವನ ಮುಖದಲ್ಲಿತ್ತು.

ಆ ನಾಚಿಕೆ ಬೇಕಿರಲಿಲ್ಲ ಎಂದು ಅವನಿಗೆ ಅಂದೇ ಹೇಳಬೇಕಿತ್ತು. ಕಾರ್ಯಕ್ರಮ ಶುರುವಾಯಿತು, ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತಿದ್ದೇವೆ. ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯಲ್ಲಿ ದೊಡ್ಡ ಹೆಸರು ಮಾಡಿದ ಹಲವರು ಅವನ ಹಾಗೆಯೇ ಸಿಕ್ಕಿದ್ದನ್ನು ಜೋಡಿಸಿಕೊಂಡವರು.

ರೇಡಿಯೋ ರಿಪೇರಿ ಅಂಗಡಿ

ಮೊದಲು ಈ ವಾದ್ಯ ಕೆಲಸ ಮಾಡುವ ಬಗೆ ನೋಡೋಣ. ಸಾಮಾನ್ಯ ಗಿಟಾರಿಗೆ ಟೊಳ್ಳು ಹೊಟ್ಟೆ ಇರುತ್ತದೆ, ಸದ್ದು ಅಲ್ಲಿಂದ ಬರುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಆ ಹೊಟ್ಟೆ ಬೇಕಿಲ್ಲ. ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ. ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಪಂಪ್‌ಸೆಟ್ ಮೋಟಾರು ಸುಟ್ಟಾಗ ವೈಂಡಿಂಗ್ ಮಾಡಿಸುತ್ತೀರಲ್ಲ, ಅದೇ ಜಾತಿಯ ಕೆಲಸ, ತೀರಾ ಸಣ್ಣ ಅಳತೆಯಲ್ಲಿ. ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ.

ಹೊಟ್ಟೆ ಬೇಡವೆಂದ ಮೇಲೆ ಮರದ ತುಂಡೇ ಸಾಕು. ಅಮೆರಿಕದ ಲೆಸ್ ಪಾಲ್ 1940ರ ಆಸುಪಾಸಿನಲ್ಲಿ ನಾಲ್ಕಿಂಚು ದಪ್ಪದ ಮರದ ದಿಮ್ಮಿಗೆ ತಂತಿ ಕಟ್ಟಿ ನುಡಿಸಿದರು. ಜನ ಮೆಚ್ಚಲಿಲ್ಲ. ಹಳೆಯ ಗಿಟಾರೊಂದನ್ನು ಸೀಳಿ ಎರಡು ಹೋಳನ್ನೂ ದಿಮ್ಮಿಯ ಅಕ್ಕಪಕ್ಕ ಅಂಟಿಸಿದ ಮೇಲೆ ಅದೇ ಸದ್ದನ್ನು ಜನ ಒಪ್ಪಿದರು!

ಇದನ್ನು ಎಲ್ಲರ ಕೈಗೆ ಸಿಗುವಂತೆ ಮಾಡಿದವರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಗಿಟಾರು ನುಡಿಸಲು ಅವರಿಗೆ ಕೊನೆಯವರೆಗೂ ಬರಲಿಲ್ಲ. ಆದರೆ ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವವರ ಕಣ್ಣು ಅವರಿಗಿತ್ತು. ಅದುವರೆಗಿನ ಒಳ್ಳೆಯ ಗಿಟಾರುಗಳಲ್ಲಿ ಕುತ್ತಿಗೆಯನ್ನು ದೇಹಕ್ಕೆ ಅಂಟು ಹಾಕಿ ಕೂರಿಸುತ್ತಿದ್ದರು. ಕುತ್ತಿಗೆ ಬಾಗಿದರೆ ರಿಪೇರಿಗೆ ನುರಿತ ಕೈಯೇ ಬೇಕು. ಲಿಯೋ ನಾಲ್ಕು ಸ್ಕ್ರೂ ಹಾಕಿ ಕೂರಿಸಿದರು. ಹಾಳಾದರೆ ಬಿಚ್ಚಿ, ಬೇರೆಯದು ಹಾಕಿ, ಅಷ್ಟೇ.

1950ರಲ್ಲಿ ಬಂದ ಆ ಗಿಟಾರು ಮರುವರ್ಷ ಟೆಲಿಕಾಸ್ಟರ್ ಎಂದು ಹೆಸರಾಯಿತು. 1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂತು. ಬಣ್ಣದ ಗಿಟಾರು ಕೇಳಿದವರಿಗೆ ಅವರು ಹೊಡೆದದ್ದು ಕಾರಿನ ಬಣ್ಣವನ್ನೇ. ಆದ್ದರಿಂದ ನಮ್ಮ ಹುಡುಗನ ಗ್ಯಾರೇಜ್ ಬಣ್ಣಕ್ಕೂ ದೊಡ್ಡ ಮನೆತನವಿದೆ.

1965ರಲ್ಲಿ ಲಿಯೋ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದರು. ಆಮೇಲಿನ ಗಿಟಾರುಗಳು ಮೊದಲಿನಂತಿಲ್ಲ ಎಂದು ನುಡಿಸುವವರು ದೂರತೊಡಗಿದರು. 50 ಮತ್ತು 60ರ ದಶಕದ ಹಳೆಯವುಗಳಿಗೆ ಬೆಲೆ ಏರಿತು. ಹಳೆಯದು ಕೈಗೆಟುಕದು, ಹೊಸದು ಮನಸ್ಸಿಗೆ ಬಾರದು. ಆಗ ಹಳೆ ಮಾದರಿಯ ದೇಹ, ಕುತ್ತಿಗೆ, ಪಿಕಪ್‌ಗಳನ್ನು ಬಿಡಿಬಿಡಿಯಾಗಿ ಮಾರುವ ಸಣ್ಣ ಕಾರ್ಖಾನೆಗಳು 1970ರ ದಶಕದಲ್ಲಿ ಹುಟ್ಟಿದವು. ಆ ನಾಲ್ಕು ಸ್ಕ್ರೂ ಇಲ್ಲದಿದ್ದರೆ ಈ ವ್ಯಾಪಾರವೇ ಇರುತ್ತಿರಲಿಲ್ಲ.

ಅಪ್ಪ, ಮಗ, ಹಳೆಯ ಮರ

ಈ ಬಿಡಿಭಾಗಗಳ ಕಾಲಕ್ಕೂ ಮೊದಲು, 1963ರಲ್ಲಿ, ಲಂಡನ್ನಿನ ಪಶ್ಚಿಮ ಭಾಗದಲ್ಲಿ ಬ್ರಿಯಾನ್ ಮೇ ಎಂಬ 16ರ ಹುಡುಗನಿಗೆ ಫೆಂಡರ್ ಗಿಟಾರಿನ ಆಸೆ ಹುಟ್ಟಿತು. ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಅಪ್ಪ ಹೆರಾಲ್ಡ್ ಸರ್ಕಾರದ ವಿಮಾನ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಎಲೆಕ್ಟ್ರಾನಿಕ್ಸ್ ಬಲ್ಲ ಮನುಷ್ಯ. ಕೊಡಿಸಲಾಗದಿದ್ದರೂ ಮಾಡಿಕೊಳ್ಳಬಹುದು ಎಂದು ಮಗನ ಜೊತೆ ಕೂತರು.

ಪರಿಚಯದವರೊಬ್ಬರ ಮನೆಯಲ್ಲಿ ಚಳಿಗೆ ಬೆಂಕಿ ಹಾಕುವ ಗೂಡಿನ ಹಳೆಯ ಮರದ ಚೌಕಟ್ಟನ್ನು ಬಿಸಾಡುವುದರಲ್ಲಿದ್ದರು. ನೂರು ವರ್ಷಕ್ಕೂ ಹಳೆಯ ಮಹಾಗನಿ. ಅದೇ ಗಿಟಾರಿನ ಕುತ್ತಿಗೆಯಾಯಿತು. ಹುಳ ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ದೇಹಕ್ಕೆ ಹಳೆಯ ಮೇಜಿನ ಓಕ್ ಮರ ಬಂತು. ತಂತಿಯ ಸ್ವರ ಬಾಗಿಸುವ ಯಂತ್ರಕ್ಕೆ ಹಳೆಯ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗ್, ಒಂದು ಚಾಕುವಿನ ಅಲಗು. ಅದರ ಹಿಡಿ ಸೈಕಲ್ ಸೀಟಿನ ಚೀಲ ಹಿಡಿಯುವ ಕಬ್ಬಿಣದ್ದು, ತುದಿಗೆ ಅಮ್ಮನ ಸ್ವೆಟರ್ ಹೆಣೆಯುವ ಕಡ್ಡಿಯ ಗುಂಡು. ಕುತ್ತಿಗೆಯ ಮೇಲಿನ ಬಿಳಿ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು.

ಪಿಕಪ್ಪನ್ನೂ ಮನೆಯಲ್ಲೇ ಮಾಡಿದರು. ಆದರೆ ತಂತಿಯನ್ನು ಬೆರಳಿನಿಂದ ಎಳೆದಾಗ ಸದ್ದು ಕೆಡುತ್ತಿತ್ತು. ಕೊನೆಗೆ ಬರ್ನ್ಸ್ ಕಂಪನಿಯ ಮೂರು ಪಿಕಪ್ ಕೊಂಡರು. ಉಳಿದದ್ದು ಬಹುಪಾಲು ಕೈಕೆಲಸ. ಸುಮಾರು ಎರಡು ವರ್ಷ ಹಿಡಿಯಿತು, ಖರ್ಚು ಬೆರಳೆಣಿಕೆಯ ಪೌಂಡುಗಳು.

ಲೆಕ್ಕದಲ್ಲಿ ಮಾತ್ರ ಉಳಿತಾಯ ಮಾಡಲಿಲ್ಲ. ಗಿಟಾರಿನ ಮೆಟ್ಟಿಲುಗಳ ನಡುವಿನ ಅಂತರಕ್ಕೆ ಒಂದು ನಿಯಮವಿದೆ: ಪ್ರತಿ ಮೆಟ್ಟಿಲೂ ಉಳಿದ ತಂತಿಯ ಉದ್ದದ 17.817ನೇ ಒಂದು ಭಾಗದಷ್ಟು ಮುಂದೆ. ಹೀಗೆ ಹೋದರೆ 12ನೆಯದು ಸರಿಯಾಗಿ ನಡುಮಧ್ಯಕ್ಕೆ ಬರುತ್ತದೆ. ಬ್ರಿಯಾನ್ ಗಿಟಾರಿಗೆ 24 ಮೆಟ್ಟಿಲು. ನಮ್ಮ ವೀಣೆಗೂ 24. ವ್ಯತ್ಯಾಸವೆಂದರೆ ವೀಣೆಯ ಮೆಟ್ಟಿಲು ಮೇಣದ ಮೇಲೆ ಕೂತಿರುತ್ತದೆ, ಸ್ವರ ತಪ್ಪಿದರೆ ಮೇಣ ಸಡಿಲಿಸಿ ಸರಿಸಬಹುದು. ಗಿಟಾರಿನಲ್ಲಿ ಮರ ಕೊಯ್ದು ಬಡಿದ ಮೇಲೆ ಮುಗಿಯಿತು.

ಮುಂದೆ ಬ್ರಿಯಾನ್ 'ಕ್ವೀನ್' ತಂಡದ ಗಿಟಾರ್ ವಾದಕರಾದರು. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಕುಟುಂಬದವರು, ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ. ಬ್ರಿಯಾನ್ ಖಗೋಳ ವಿಜ್ಞಾನದ ಪಿಎಚ್‌ಡಿ ನಡುವೆಯೇ ಬಿಟ್ಟು ಸಂಗೀತಕ್ಕೆ ಹೋದರು. ಗಿಟಾರು ಮಾಡಿಕೊಟ್ಟ ಅಪ್ಪನೇ ಆಗ ಸಿಟ್ಟಾದರು. ಓದಿಸಿದ್ದು ದಂಡವಾಯಿತು ಎಂಬ ನೋವು. ಬಹುಕಾಲ ಅಪ್ಪ ಮಗನ ನಡುವೆ ಸರಿಯಾಗಿ ಮಾತೇ ಇರಲಿಲ್ಲ. 1977ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕಚೇರಿಗೆ ಬ್ರಿಯಾನ್ ತಂದೆ ತಾಯಿಯನ್ನು ಕರೆಸಿಕೊಂಡರು. ತುಂಬಿದ ಸಭೆಯಲ್ಲಿ ತಾವೇ ಮಾಡಿದ ಗಿಟಾರು ನುಡಿಯುವುದನ್ನು ಕೇಳಿದ ಮೇಲೆ ಅಪ್ಪನಿಗೆ ಮಗನ ದಾರಿ ಅರ್ಥವಾಯಿತು.

ಪತ್ರಿಕೋದ್ಯಮ ಡಿಪ್ಲೊಮಾ ಮಾಡುತ್ತೇವೆ ಎಂದ ದಿನ ನಮ್ಮ ಮನೆಗಳಲ್ಲಿ ಎದ್ದ ಮಾತು ನೆನಪಾಗದೆ ಇದನ್ನು ಬರೆಯಲು ನಮಗೆ ಆಗಲಿಲ್ಲ.

2002ರಲ್ಲಿ ಬ್ರಿಯಾನ್ ಅದೇ ಬೆಂಕಿಗೂಡಿನ ಗಿಟಾರನ್ನು ಬಕಿಂಗ್‌ಹ್ಯಾಮ್ ಅರಮನೆಯ ಚಾವಣಿ ಮೇಲೆ ನಿಂತು ನುಡಿಸಿದರು. 2007ರಲ್ಲಿ ಬಿಟ್ಟಿದ್ದ ಪಿಎಚ್‌ಡಿಯನ್ನೂ ಮುಗಿಸಿದರು. ಅದನ್ನು ನೋಡಲು ಅಪ್ಪ ಇರಲಿಲ್ಲ.

130 ಡಾಲರಿನ ಗಿಟಾರು

ಕ್ಯಾಲಿಫೋರ್ನಿಯಾದ ಎಡ್ಡಿ ವ್ಯಾನ್ ಹೇಲನ್ ಕಥೆ ಬಿಡಿಭಾಗಗಳ ಕಾಲದ್ದು. 1970ರ ದಶಕದಲ್ಲಿ ಅವರು ಗಂಟು ಬಿದ್ದು ಎರಡನೇ ದರ್ಜೆಗೆ ಇಳಿದಿದ್ದ ದೇಹವನ್ನು 50 ಡಾಲರಿಗೆ, ಕುತ್ತಿಗೆಯನ್ನು 80 ಡಾಲರಿಗೆ ಕೊಂಡರು. ಹಳೆಯ ಗಿಬ್ಸನ್ ಗಿಟಾರಿನಿಂದ ಪಿಕಪ್ ಕಿತ್ತು ಕೂರಿಸಿದರು. ಅದು ಕಿರುಚದಿರಲಿ ಎಂದು ಕರಗಿದ ಮೇಣದಲ್ಲಿ ಅದ್ದಿದರು. ಮೇಣ ಒಳಗಿಳಿದು ಗಟ್ಟಿಯಾದರೆ ತಾಮ್ರದ ಸುತ್ತುಗಳು ಅಲುಗುವುದಿಲ್ಲ. ಟೇಪ್ ಅಂಟಿಸಿ ಬಣ್ಣ ಹೊಡೆದು, ಕಿತ್ತು, ಪಟ್ಟೆ ಮೂಡಿಸಿದರು. 1978ರ ಮೊದಲ ಆಲ್ಬಮ್ಮಿನಲ್ಲಿ ಈ ಗಿಟಾರನ್ನು ಕೇಳಬಹುದು. 2019ರಲ್ಲಿ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಸೇರಿತು.

ನಮ್ಮ ಕಾಡಿನ ಬೀಟೆ

ಈ ಕಥೆಯಲ್ಲಿ ನಮ್ಮ ಪಾಲೂ ಒಂದಿದೆ. ಬೆರಳು ಓಡುವ ಹಲಗೆಗೆ ಮೊದಲು ಬ್ರೆಜಿಲ್ಲಿನ ರೋಸ್‌ವುಡ್ ಬಳಸುತ್ತಿದ್ದರು. ಅದು ಅಪರೂಪವಾದಾಗ ಗಿಟಾರು ಮಾಡುವವರು ಭಾರತದ ರೋಸ್‌ವುಡ್ಡಿಗೆ ತಿರುಗಿದರು. ಮಲೆನಾಡು, ಕೊಡಗಿನವರು ಬಲ್ಲ ಬೀಟೆ ಮರ ಅದೇ. ಮೈಸೂರಿನ ಕೆತ್ತನೆಯವರು ಚಿತ್ರ ಕೂರಿಸುವುದೂ ಅದರ ಮೇಲೆಯೇ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಬಿತ್ತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಜೋಡಿಸುವವರಿಗೆ

ನೀವೂ ಜೋಡಿಸುವುದಾದರೆ ಈ ಚರಿತ್ರೆಯಿಂದ ಕಲಿಯುವುದು ಇಷ್ಟು. ದುಡ್ಡು ಮೊದಲು ಒಳ್ಳೆಯ ಕುತ್ತಿಗೆಗೆ ಹೋಗಲಿ, ಬಾಗಿದ ಕುತ್ತಿಗೆಗೆ ಯಾವ ಪಿಕಪ್ಪೂ ಮದ್ದಲ್ಲ. ಫೆಂಡರ್ ಮಾದರಿಯಲ್ಲಿ ತಂತಿಯ ಉದ್ದ 25.5 ಇಂಚು, ಮೇಲಿನ ಅಂಚಿನಿಂದ 12ನೇ ಮೆಟ್ಟಿಲಿಗೆ 12.75 ಇಂಚು ಬರಬೇಕು. ಸೇತುವೆಗೆ ತೂತು ಕೊರೆಯುವ ಮೊದಲು ಎರಡು ಸಲ ಅಳೆಯಿರಿ. ಒಳಗಿನ ವೈರಿಂಗ್‌ಗೆ ಬೇಕಾದ 250 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲ್, ಕೆಪಾಸಿಟರ್ ಎಲ್ಲ ರೇಡಿಯೋ ರಿಪೇರಿಯವರ ಕೈಗೆ ಪರಿಚಯದವೇ. ಬಣ್ಣ ಕೊನೆಗಿರಲಿ.

ಮುಂದಿನ ಜಾತ್ರೆಗೆ ಆ ಹುಡುಗ ಮತ್ತೆ ಬರುತ್ತಾನಂತೆ. ಈ ಬರಹವನ್ನು ಅವನಿಗೆ ತೋರಿಸಬೇಕು ಎಂದುಕೊಂಡಿದ್ದೇವೆ. ನಿಮ್ಮೂರಲ್ಲೂ ಅಂಥವರಿದ್ದರೆ ಅವರಿಗೊಂದು ಕಳಿಸಿಕೊಡಿ.