ಅಂಜದೀವದ ಎರಡು ಮಳೆಗಾಲ

ಕಾರವಾರದ ಬಿಣಗಾ ಬದಿಯ ಕಡಲಲ್ಲಿ ಕಾಣುವ ಉದ್ದನೆಯ ಗುಡ್ಡವೇ ಅಂಜದೀವ. ಕಣ್ಣಿಗೆ ಕಾರವಾರದ್ದು, ಕಾಗದದಲ್ಲಿ ಗೋವಾದ್ದು. ಹಡಗಿನವರಿಗೆ ಅದು ಬೇಕಾಗಿದ್ದುದು ಸಿಹಿನೀರಿಗಾಗಿ. 1498ರಲ್ಲಿ ಊರಿಗೆ ಹಿಂದಿರುಗುವಾಗ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ. 1505ರಲ್ಲಿ ಅಲ್ಮೇಡಾ ಕೋಟೆ ಕಟ್ಟಿಸಿದ. ಬಿಜಾಪುರದ ಕಡೆಯವರ ದಾಳಿಯಾದ ಮೇಲೆ ಪೋರ್ಚುಗೀಸರು ಅದನ್ನು ತಾವೇ ಕೆಡವಿ ಹೋದರು.

ದ್ವೀಪದ ಅತಿ ಕರಾಳ ಅಧ್ಯಾಯಕ್ಕೆ ಕಾರಣ ಮಾತ್ರ ಒಂದು ಮದುವೆ. 1661ರ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಸೇರಬೇಕಿತ್ತು. ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ನಾನೂರು-ಐನೂರು ಸೈನಿಕರೊಂದಿಗೆ ಹೊರಟು ಬಂದ. ಗೋವಾದ ವೈಸ್‌ರಾಯ್ ಆಂಟೋನಿಯೊ ಡಿ ಮೆಲೊ ಇ ಕಾಸ್ಟ್ರೊ ಕಾಗದಪತ್ರದಲ್ಲಿ ತಪ್ಪು ಹುಡುಕಿ ಊರು ಬಿಟ್ಟುಕೊಡಲಿಲ್ಲ. ತಪ್ಪು ನೆಪವಿರಬೇಕು, ಮುಂಬಯಿ ಕೈಬಿಡುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಸೂರತ್ತಿನ ಇಂಗ್ಲಿಷ್ ಕೋಠಿಯವರಿಗೂ ಈ ಪಡೆ ಬೇಡವಾಗಿತ್ತು. ಅಷ್ಟು ಸೈನಿಕರನ್ನು ಇಳಿಸಿಕೊಂಡರೆ ಮೊಘಲರು ಸುಮ್ಮನಿರುವರೇ?

ಹೀಗೆ ಯಾರಿಗೂ ಬೇಡವಾದ ಪಡೆ ಯಾರೂ ಇಲ್ಲದ ಅಂಜದೀವಕ್ಕೆ ಬಂದಿಳಿಯಿತು. ಆ ಕರಾವಳಿಯ ಮಳೆ ಎಂದರೆ ಏನೆಂದು ಅಂಕೋಲೆ, ಕುಮಟೆಯವರಿಗೆ ಹೇಳಬೇಕಿಲ್ಲ. ಇಂಗ್ಲೆಂಡಿನಿಂದ ಬಂದವರಿಗೆ ಅದರ ಅಂದಾಜೇ ಇರಲಿಲ್ಲ. ಸರಿಯಾದ ಸೂರಿಲ್ಲ, ಆಹಾರ ಸಾಲದು, ಮೇಲೆ ಜ್ವರ. ಶತ್ರುವಿನ ಒಂದು ಗುಂಡೂ ಹಾರದೆ ಸೈನಿಕರು ಸತ್ತರು. 1664ರ ಏಪ್ರಿಲ್‌ನಲ್ಲಿ, ಎರಡನೇ ಮಳೆಗಾಲ ಕಾಣುವ ಮೊದಲೇ, ಶಿಪ್‌ಮನ್ ಕೂಡ ತೀರಿಕೊಂಡ. ಮುಂಬಯಿಗೆ ನೇಮಕವಾದ ಮೊದಲ ಇಂಗ್ಲಿಷ್ ಗವರ್ನರ್ ಆ ಊರನ್ನು ಒಂದು ದಿನವೂ ಆಳಲಿಲ್ಲ.

ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಪೋರ್ಚುಗೀಸರು ಹೇಳಿದ ಷರತ್ತುಗಳಿಗೆಲ್ಲ ಒಪ್ಪಿ, 1665ರ ಫೆಬ್ರವರಿಯಲ್ಲಿ ಮುಂಬಯಿಯನ್ನು ವಶಕ್ಕೆ ಪಡೆದ. ಆಗ ಉಳಿದಿದ್ದ ಸೈನಿಕರು ನೂರರ ಆಸುಪಾಸು. ಷರತ್ತುಗಳು ಅವಮಾನಕರವೆಂದು ಇಂಗ್ಲೆಂಡ್ ಆಮೇಲೆ ಕುಕ್‌ನನ್ನೇ ತೆಗಳಿತು. ಜೊತೆಗಾರರನ್ನು ಮೂರನೇ ಮಳೆಗೆ ಒಡ್ಡಬೇಕಿತ್ತೇ ಎಂದು ಅವನು ಕೇಳಿದ್ದರೆ ಯಾರ ಬಳಿಯೂ ಉತ್ತರವಿರುತ್ತಿರಲಿಲ್ಲ.

1682ರಲ್ಲಿ ಪೋರ್ಚುಗೀಸರು ಮರಳಿ ಬಂದು ಕೋಟೆ ಕಟ್ಟಿದರು. ದ್ವೀಪದ ದೇವಿ ಆರ್ಯಾದುರ್ಗೆ ಅಷ್ಟರಲ್ಲಾಗಲೇ ಅಂಕೋಲೆಗೆ ಬಂದು ನೆಲೆಸಿದ್ದಳೆಂಬ ನಂಬಿಕೆ ಇದೆ. 1961ರ ನವೆಂಬರ್‌ನಲ್ಲಿ ಆ ದ್ವೀಪದಿಂದ ಹಾರಿದ ಗುಂಡಿಗೆ ಒಬ್ಬ ಮೀನುಗಾರ ಬಲಿಯಾದ. ಡಿಸೆಂಬರ್ 18ರಂದು ದ್ವೀಪಕ್ಕಿಳಿದ ಭಾರತೀಯ ನೌಕಾಪಡೆಯ ಏಳು ಮಂದಿ ಪ್ರಾಣ ಕಳೆದುಕೊಂಡರು. ಈಗ ಅಲೆತಡೆಗೋಡೆಯೊಂದು ಅಂಜದೀವವನ್ನು ದಡಕ್ಕೆ ಸೇರಿಸಿದೆ. ಒಳಗೆ ಹೋಗಲು ನೌಕಾಪಡೆಯ ಅನುಮತಿ ಬೇಕು.