ಹಳೆ ಕಾರು ಕೊಳ್ಳುವಾಗ ಕಿಲೋಮೀಟರ್ ಒಂದನ್ನೇ ನಂಬಬಹುದೇ?

"ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ, ಹನ್ನೊಂದು ವರ್ಷಕ್ಕೆ ಬರೀ 32 ಸಾವಿರ ಕಿಲೋಮೀಟರ್, ಷೋರೂಂ ಕಂಡೀಷನ್." ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಫೋಟೊ ಸಮೇತ ಬರುತ್ತಲೇ ಇರುತ್ತವೆ. ಜೊತೆಗೆ ಪುಕ್ಕಟೆ ಸಲಹೆಗಳೂ ಇರುತ್ತವೆ: ಕಡಿಮೆ ಓಡಿದ್ದರೆ ಕಣ್ಣು ಮುಚ್ಚಿ ಕೊಳ್ಳಿ, ಅಯಸ್ಕಾಂತ ಇಟ್ಟು ನೋಡಿದರೆ ಅಪಘಾತ ಗೊತ್ತಾಗುತ್ತದೆ, 15 ವರ್ಷವಾದರೆ ಗುಜರಿಗೆ ಹಾಕಲೇಬೇಕು. ಇವುಗಳಲ್ಲಿ ಎಷ್ಟು ನಿಜ?

ಚುಟುಕು ಉತ್ತರ: ಓಡಿದ ಕಿಲೋಮೀಟರ್ ಒಂದು ಸುಳಿವು ಮಾತ್ರ. ಹಳೆ ಕಾರು ಮುಂದೆ ಎಷ್ಟು ದಿನ ತೊಂದರೆ ಕೊಡದೆ ಓಡುತ್ತದೆ ಎಂಬುದು ಆ ಒಂದು ಕಾರನ್ನು ಹೇಗೆ ನೋಡಿಕೊಂಡಿದ್ದಾರೆ ಎಂಬುದರ ಮೇಲೆ ನಿಂತಿದೆ. ನೋಡಿಕೊಂಡ ಗುರುತು ದಾಖಲೆಯಲ್ಲೂ ಸಿಗುತ್ತದೆ, ಕಾರಿನ ಮೈಮೇಲೂ ಸಿಗುತ್ತದೆ. ಎರಡೂ ಒಂದೇ ಕಥೆ ಹೇಳುತ್ತಿವೆಯೇ ಎಂದು ನೋಡುವುದೇ ಪರೀಕ್ಷೆ.

ಕಡಿಮೆ ಓಡಿದ ಕಾರು ಹೊಸದರಂತೆ ಇರುತ್ತದೆಯೇ?

ಇರಲೇಬೇಕೆಂದಿಲ್ಲ. ಕಾರಿನ ಕೆಲವು ಭಾಗಗಳು ಓಡಿದಷ್ಟು ಸವೆಯುತ್ತವೆ: ಕ್ಲಚ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್. ಇನ್ನು ಕೆಲವು ಓಡಲಿ ಬಿಡಲಿ, ಕಾಲ ಕಳೆದಂತೆ ಹಾಳಾಗುತ್ತವೆ. ಟೈರ್ ಮತ್ತು ಪೈಪುಗಳ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ, ಘಾಟಿ ಇಳಿಯುವಾಗ ಬ್ರೇಕ್ ಕೈಕೊಡಬಹುದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಆ ಬೆಲ್ಟ್ ಬದಲಿಸಲು ಕಿಲೋಮೀಟರ್ ಜೊತೆಗೆ ವರ್ಷದ ಮಿತಿಯೂ ಇರುತ್ತದೆ. ಬೆಲ್ಟ್ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿದ ಕಾರಿಗೆ ಇನ್ನೊಂದು ಕಷ್ಟವಿದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುವುದರಿಂದ ಒಳಗೆ ಸೇರಿದ ತೇವ ಆವಿಯಾಗಿ ಹೋಗದೆ ಎಂಜಿನ್ ಆಯಿಲ್‌ನಲ್ಲಿ ಉಳಿಯುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ 1.2 ಲಕ್ಷ ಕಿಲೋಮೀಟರ್ ಓಡಿ, ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿಕೊಂಡ ಕಾರು, ಶೆಡ್ಡಿನಲ್ಲೇ ನಿಂತಿದ್ದ 30 ಸಾವಿರ ಕಿಲೋಮೀಟರ್ ಕಾರಿಗಿಂತ ಗಟ್ಟಿಯಾಗಿರಬಹುದು.

ಮೀಟರ್ ತೋರಿಸುವ ಸಂಖ್ಯೆ ನಿಜವೇ?

ಡಿಜಿಟಲ್ ಮೀಟರ್ ತಿದ್ದಲಾಗದು ಎಂಬುದು ತಪ್ಪು ಕಲ್ಪನೆ. ತಿದ್ದುವ ಉಪಕರಣಗಳಿವೆ. ಅದಕ್ಕಾಗಿ ಸಂಖ್ಯೆಯನ್ನು ಬೇರೆ ಗುರುತುಗಳ ಜೊತೆ ತಾಳೆ ನೋಡಬೇಕು.

ಮೊದಲನೆಯದು ಸರ್ವಿಸ್ ದಾಖಲೆ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಸರ್ವಿಸ್‌ನ ದಿನಾಂಕ ಮತ್ತು ಕಿಲೋಮೀಟರ್ ದಾಖಲಾಗಿರುತ್ತದೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ಕೇಳಿ. 2019ರಲ್ಲಿ 61 ಸಾವಿರ ಎಂದಿದ್ದು ಈಗ ಮೀಟರ್ 45 ಸಾವಿರ ತೋರಿಸುತ್ತಿದ್ದರೆ ಮುಂದಿನ ಮಾತೇ ಬೇಡ. 2018ರ ನಂತರ ಒಂದೂ ದಾಖಲೆ ಇಲ್ಲದಿದ್ದರೆ ಹೊರಗಿನ ಗ್ಯಾರೇಜ್ ಬಿಲ್ ಕೇಳಿ.

ಎರಡನೆಯದು ಸವೆತ. ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳ ರಬ್ಬರ್, ಸ್ಟೀರಿಂಗ್, ಗೇರ್ ಹಿಡಿ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ನೋಡಿ. ಪೆಡಲ್ ನುಣ್ಣಗೆ ಸವೆದಿದ್ದು ಮೀಟರ್ 30 ಸಾವಿರ ಎಂದರೆ ಅನುಮಾನ ಪಡಬೇಕು. ಹಳೆ ಕಾರಿನಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದರೂ ಏಕೆಂದು ಕೇಳಬೇಕು.

ಮೂರನೆಯದು ಟೈರ್. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 1419 ಎಂದಿದ್ದರೆ 2019ರ 14ನೇ ವಾರ ತಯಾರಾದದ್ದು ಎಂದರ್ಥ. ಸ್ಟೆಪ್ನಿಯನ್ನೂ ನೋಡಿ. ಗೀರು ಆಳವಾಗಿದ್ದರೂ ಹತ್ತು ವರ್ಷದ ಟೈರ್ ನಂಬಿಕೆಗೆ ಅರ್ಹವಲ್ಲ. ನಾಲ್ಕು ಹೊಸ ಟೈರ್‌ಗಳ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ.

ತಣ್ಣಗಿರುವ ಎಂಜಿನ್ ನೋಡಿ

ಬೆಳಗ್ಗೆ ಹೋಗಿ, ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಈಗಾಗಲೇ ಸ್ಟಾರ್ಟ್ ಮಾಡಿದ್ದಾರೆ, ಬಿಸಿ ಎಂಜಿನ್ ಹಲವು ದೋಷಗಳನ್ನು ಮುಚ್ಚಿಡುತ್ತದೆ.

ಸ್ಟಾರ್ಟ್ ಮಾಡಿದಾಗ ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆ ಎಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಚಳಿಯ ಬೆಳಗ್ಗೆ ಸ್ವಲ್ಪ ಬಿಳಿ ಆವಿ ಸಹಜ, ಗಾಬರಿ ಬೇಡ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು, ಅದು ದೊಡ್ಡ ಖರ್ಚು.

ತೊಳೆದು ಹೊಳೆಯುವ ಎಂಜಿನ್ ನೋಡಿ ಮರುಳಾಗಬೇಡಿ. ಸೋರಿಕೆಯ ಕಲೆ ಅಳಿಸಲು ತೊಳೆದದ್ದೂ ಇರಬಹುದು. ಅರ್ಧ ಗಂಟೆ ಓಡಿಸಿ ಬಂದು ಮತ್ತೆ ಬಾನೆಟ್ ತೆರೆದರೆ ಹೊಸ ಸೋರಿಕೆ ಕಾಣುತ್ತದೆ. ಓಡಿಸುವಾಗ ಎಸಿ ಹಾಕಿ, ಹಾಡು ಆಫ್ ಮಾಡಿ, ಕಿಟಕಿ ಇಳಿಸಿ. ಹದಗೆಟ್ಟ ರಸ್ತೆಯಲ್ಲಿ ಕಟಕಟ ಸದ್ದು ಬಂದರೆ ಸಸ್ಪೆನ್ಷನ್ ಕಡೆ ಗಮನ ಹೋಗಬೇಕು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ.

ಉರಿಯದ ದೀಪವೂ ಎಚ್ಚರಿಕೆಯೇ

ಕೀ ತಿರುಗಿಸಿದ ಕೂಡಲೇ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳು ಒಮ್ಮೆ ಉರಿದು, ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಆರದೆ ಉಳಿದರೆ ದೋಷವಿದೆ ಎಂದು ಎಲ್ಲರಿಗೂ ಗೊತ್ತು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ದೀಪ ಉರಿಯುವುದೇ ಇಲ್ಲ ಎಂದರೆ ಅದು ಇನ್ನೂ ಕೆಟ್ಟದ್ದಿರಬಹುದು. ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗ್ ಬದಲಿಸುವುದು ದುಬಾರಿ. ಬದಲಿಸದೆ ದೀಪವನ್ನೇ ಕೆಡಿಸಿ ಮಾರುವ ಸಾಧ್ಯತೆ ಇದೆ.

ಇನ್ನೊಂದು ಮಾತು. ಟಕಾಟ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರ್‌ಗಳು ಸಿಡಿದು ಲೋಹದ ಚೂರು ಚಿಮ್ಮಿಸುವ ಅಪಾಯದಿಂದ ಜಗತ್ತಿನಾದ್ಯಂತ ಕೋಟ್ಯಂತರ ಕಾರುಗಳನ್ನು ಕಂಪನಿಗಳು ವಾಪಸ್ ಕರೆಸಿಕೊಂಡಿದ್ದವು. ಭಾರತದಲ್ಲೂ ಹೋಂಡಾ ಸಿಟಿ, ಜಾಝ್‌ನಂಥ ಮಾಡೆಲ್‌ಗಳ ಕೆಲವು ಹಳೆ ಕಾರುಗಳು ಆ ಪಟ್ಟಿಯಲ್ಲಿದ್ದವು. ಅದರಲ್ಲಿನ ರಾಸಾಯನಿಕ ಸೆಖೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದಷ್ಟೂ ಅಪಾಯ ಹೆಚ್ಚು. ಹೀಗಾಗಿ ಕರಾವಳಿಯಲ್ಲಿದ್ದ ಹಳೆ ಕಾರು ಕೊಳ್ಳುವವರು ಇದನ್ನು ಮರೆಯಬಾರದು. ಚಾಸಿಸ್ ಸಂಖ್ಯೆ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ. ಇಂಥ ರೀಕಾಲ್ ಕೆಲಸ ಉಚಿತ.

ಅಯಸ್ಕಾಂತದಿಂದ ಅಪಘಾತ ಪತ್ತೆಯಾಗುತ್ತದೆಯೇ?

ಅರ್ಧ ನಿಜ. ಉಕ್ಕಿನ ತಗಡಿನ ಮೇಲೆ ಪುಟ್ಟಿ ದಪ್ಪಗೆ ಮೆತ್ತಿದ್ದರೆ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಆದರೆ ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಎಂದೂ ಅಂಟದು. ತಗಡನ್ನೇ ಹೊಸದಾಗಿ ಹಾಕಿದ್ದರೆ ಚೆನ್ನಾಗಿಯೇ ಅಂಟುತ್ತದೆ. ಅದಕ್ಕಿಂತ ಬಾಗಿಲು ಮತ್ತು ಬಾನೆಟ್‌ನ ಸಂದುಗಳು ಎರಡೂ ಬದಿ ಸಮವಾಗಿವೆಯೇ, ಬೋಲ್ಟ್‌ಗಳ ಬಣ್ಣ ಸ್ಪ್ಯಾನರ್ ತಾಗಿ ಎದ್ದಿದೆಯೇ ಎಂದು ನೋಡುವುದು ಒಳ್ಳೆಯದು. ಬಾಗಿಲಿಗೆ ಗೀರು ಬಿದ್ದು ಬಣ್ಣ ಹೊಡೆಸಿದ್ದರೆ ದೊಡ್ಡ ಮಾತಲ್ಲ. ಚಾಸಿಸ್ ಅಥವಾ ಕಂಬಗಳಿಗೆ ವೆಲ್ಡಿಂಗ್ ಆಗಿದ್ದರೆ ಆ ಕಾರು ಬೇಡ.

ನೆರೆಯಲ್ಲಿ ಮುಳುಗಿದ ಕಾರು ಇನ್ನೂ ಅಪಾಯಕಾರಿ. 2015ರಲ್ಲಿ ಚೆನ್ನೈ, 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟೋ ಕಾರುಗಳು ನೀರಲ್ಲಿ ನಿಂತಿದ್ದವು. ಒಳಗಿನ ವೈರ್ ಜೋಡಣೆಗಳಿಗೆ ನೀರು ಹೋದರೆ ತುಕ್ಕು ನಿಧಾನವಾಗಿ ಹಿಡಿಯುತ್ತದೆ, ತೊಂದರೆ ತಿಂಗಳುಗಳ ನಂತರ ಶುರುವಾಗುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಮ್ಯಾಟ್ ಎತ್ತಿ ಕಾರ್ಪೆಟ್ ಅಡಿಯಲ್ಲಿ, ಸೀಟಿನ ಹಳಿಗಳಲ್ಲಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ಅಥವಾ ಮಣ್ಣು ಹುಡುಕಿ. ಮುಗ್ಗಲು ವಾಸನೆ ಮುಚ್ಚಲು ಪರ್ಫ್ಯೂಮ್ ಜೋರಾಗಿ ಹಾಕಿದ್ದರೂ ಎಚ್ಚರ.

ಒಳ್ಳೆಯ ಮಾಡೆಲ್ ಆದರೆ ಸಾಕೇ?

ಮಾಡೆಲ್‌ನ ಹೆಸರು ಬಿಡಿಭಾಗ ಸಿಗುವ ಬಗ್ಗೆ ಹೇಳುತ್ತದೆ, ನಿಮ್ಮ ಮುಂದಿರುವ ಕಾರಿನ ಬಗ್ಗೆ ಹೇಳುವುದಿಲ್ಲ. ಷೆವರ್ಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಈ ಕಾರುಗಳನ್ನು ಮುಟ್ಟಲೇಬಾರದು ಎಂದೇನಿಲ್ಲ. ಆದರೆ ನಿಮ್ಮ ಊರಿನ ಮೆಕ್ಯಾನಿಕ್‌ಗೆ ಆ ಎಂಜಿನ್ ಗೊತ್ತಿದೆಯೇ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

15 ವರ್ಷ, ದೆಹಲಿ ಕಾರು ಮತ್ತು ಕಾಗದಪತ್ರ

ಸ್ವಂತ ಬಳಕೆಯ ಕಾರಿನ ಆರ್‌ಸಿ ನೋಂದಣಿಯಿಂದ 15 ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ಕರ್ನಾಟಕದಲ್ಲಿ ಗುಜರಿಗೆ ಹಾಕಲೇಬೇಕು ಎಂಬುದು ಸುಳ್ಳು. ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನವೀಕರಿಸಬಹುದು. ಆದರೆ ನವೀಕರಣಕ್ಕೆ ಖರ್ಚಿದೆ, ಆದ್ದರಿಂದ 14 ವರ್ಷದ ಕಾರಿಗೆ ಬೆಲೆ ಕಟ್ಟುವಾಗ ಅದನ್ನೂ ಸೇರಿಸಿ.

ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅಲ್ಲಿಂದ ಅಗ್ಗಕ್ಕೆ ಬಂದ ಕಾರು ಎಂದರೆ ಎನ್‌ಒಸಿ, ಇಲ್ಲಿನ ಮರುನೋಂದಣಿ, ಇಲ್ಲಿನ ತೆರಿಗೆ ಎಲ್ಲ ಸೇರಿಸಿದ ಮೇಲೂ ಅಗ್ಗವೇ ಎಂದು ಲೆಕ್ಕ ಹಾಕಿ.

ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಂದಣಿ ದಿನಾಂಕ, ವಿಮೆಯಂಥ ವಿವರಗಳನ್ನು ಆರ್‌ಸಿ ಜೊತೆ ತಾಳೆ ನೋಡಿ. ಎಷ್ಟನೇ ಮಾಲೀಕರು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಕಾರಿನ ಮೇಲೆ ಕೆತ್ತಿರುವ ಚಾಸಿಸ್ ಸಂಖ್ಯೆಯನ್ನು ಕಣ್ಣಾರೆ ನೋಡಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಮಾರಾಟಕ್ಕೆ ಫಾರಂ 29, 30 ಬೇಕು. ಬಾಕಿ ದಂಡವನ್ನೂ ಪರಿಶೀಲಿಸಿ. ಕೊಂಡ 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಹಾನಿಗೆ ಪರಿಹಾರ ಸಿಗದೆ ಹೋಗಬಹುದು.

ಮುಂಗಡ ಕೊಡುವ ಮುನ್ನ

ಮೊದಲು ದಾಖಲೆ, ಆಮೇಲೆ ತಣ್ಣಗಿನ ಸ್ಟಾರ್ಟ್, ಆಮೇಲೆ ಓಡಿಸಿ ನೋಡುವುದು. ಈ ಮೂರರಲ್ಲೂ ಪಾಸಾದ ಕಾರನ್ನು ಮಾತ್ರ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಬಳಿ ಒಯ್ದು, ಲಿಫ್ಟ್ ಮೇಲೆ ಏರಿಸಿ ಅಡಿಭಾಗ ತೋರಿಸಿ. ಮಾರುವವರು ಸೂಚಿಸಿದ ಮೆಕ್ಯಾನಿಕ್ ಬೇಡ. ತಪಾಸಣೆಗೆ ಕೊಡುವ ಹಣ ಮುಂದೆ ಬರುವ ರಿಪೇರಿ ಬಿಲ್ಲಿನ ಎದುರು ಸಣ್ಣದು. "ಇವತ್ತೇ ಟೋಕನ್ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ" ಎಂದು ಅವಸರಪಡಿಸಿದರೆ, ತಪಾಸಣೆಗೆ ಒಪ್ಪದಿದ್ದರೆ, ಆ ಕಾರನ್ನು ಬಿಡಿ. ನಿಮ್ಮ ಗುಂಪಿಗೆ ಮುಂದಿನ ಬಾರಿ "ಬರೀ 32 ಸಾವಿರ" ಎಂಬ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮೊದಲು ಸರ್ವಿಸ್ ದಾಖಲೆ ಇದೆಯೇ ಎಂದು ಕೇಳಿ.