ಬೆಳ್ಳಿತೆರೆಯ ಬಿಷಪ್, ತರಗತಿಯ ಪ್ರಶ್ನೆ

1900ರ ಸೆಪ್ಟೆಂಬರ್ 13ರಂದು ಮೆಲ್ಬರ್ನ್ ಟೌನ್‌ಹಾಲಿನಲ್ಲಿ ಸಾಲ್ವೇಶನ್ ಆರ್ಮಿಯವರು ‘ಸೋಲ್ಜರ್ಸ್ ಆಫ್ ದಿ ಕ್ರಾಸ್’ ತೋರಿಸಿದರು. ಆದಿ ಕ್ರೈಸ್ತರ ಬಲಿದಾನದ ಕಥೆ. ಗಾಜಿನ ಸ್ಲೈಡುಗಳು, ನಡುನಡುವೆ ಚಲನಚಿತ್ರದ ತುಣುಕುಗಳು, ಜೊತೆಗೆ ಹರ್ಬರ್ಟ್ ಬೂತ್ ಅವರ ಉಪನ್ಯಾಸ. ಸಿನಿಮಾ ಹುಟ್ಟಿ ಆಗಿನ್ನೂ ಐದು ವರ್ಷ. ಹತ್ತು ವರ್ಷ ಕಳೆಯುವ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಪಾದ್ರಿಯಾಗಿದ್ದ ಹರ್ಬರ್ಟ್ ಜಂಪ್ ಕಿರುಹೊತ್ತಗೆಯೊಂದನ್ನು ಬರೆದು, ಚರ್ಚು ಸಿನಿಮಾಕ್ಕೆ ಹೆದರಬೇಕಿಲ್ಲ ಎಂದು ವಾದಿಸಿದರು. ಅವರ ಸಾಕ್ಷಿ ‘ಒಳ್ಳೆಯ ಸಮಾರ್ಯದವ’ನ ಸಾಮತಿ. ಅದರಲ್ಲಿ ದರೋಡೆಯಿದೆ, ರಕ್ತವಿದೆ, ಬಿದ್ದವನನ್ನು ಕಂಡೂ ಕಾಣದಂತೆ ದಾಟಿಹೋಗುವ ಯಾಜಕನಿದ್ದಾನೆ. ಯೇಸು ಹೇಳಿದ ಕಥೆಯೇ ಹೀಗಿರುವಾಗ ಚಲನಚಿತ್ರದ ರೋಚಕತೆಗೆ ಮೂಗು ಮುರಿಯುವುದೇಕೆ ಎಂಬುದು ಅವರ ಪ್ರಶ್ನೆ. ಅದೇ ಸುಮಾರಿಗೆ ಮುಂಬೈಯಲ್ಲಿ ಕ್ರಿಸ್ತನ ಜೀವನಚಿತ್ರವನ್ನು ನೋಡಿದ ಫಾಲ್ಕೆ, ಮುಂದೆ ‘ರಾಜಾ ಹರಿಶ್ಚಂದ್ರ’ ತೆಗೆದದ್ದು ನಮಗೆಲ್ಲ ಗೊತ್ತು.

ಜಂಪ್ ತೋರಿದ ದಾರಿಯಲ್ಲಿ ಚರ್ಚುಗಳು ಕೂಡಲೇ ನಡೆಯಲಿಲ್ಲ. 1930ರ ದಶಕದಲ್ಲಿ ಭಯವೇ ಮೇಲುಗೈಯಾಯಿತು. ಅಮೆರಿಕದ ಕ್ಯಾಥೊಲಿಕರು ‘ಲೀಜನ್ ಆಫ್ ಡೀಸೆನ್ಸಿ’ ಕಟ್ಟಿ, ಕೆಟ್ಟ ಚಿತ್ರ ನೋಡುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿದರು. 1936ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಆ ಚಳವಳಿಯನ್ನು ಮೆಚ್ಚಿ ವಿಶ್ವಪತ್ರವನ್ನೇ ಹೊರಡಿಸಿದರು. ಮಕ್ಕಳಿಗೆ ಯಾವುದನ್ನು ತೋರಿಸಬಾರದು ಎಂಬ ಪಟ್ಟಿಗಳು ಬೆಳೆದವು. ತೋರಿಸಿದ ಮೇಲೆ ಏನು ಮಾತಾಡಬೇಕು ಎಂಬ ವಿಚಾರ ಹಿಂದೆ ಬಿತ್ತು. 1957ರ ಇನ್ನೊಂದು ವಿಶ್ವಪತ್ರ, 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಮಾಧ್ಯಮ ಕುರಿತ ಆದೇಶ ಈ ನೋಟವನ್ನು ಮೆಲ್ಲಗೆ ಬದಲಿಸಿದವು. ಕೋಲ್ಕತ್ತದಲ್ಲಿ ಜೆಸ್ವಿಟ್ ಗುರು ಗ್ಯಾಸ್ಟನ್ ರೋಬೆರ್ಜ್ 1970ರಲ್ಲಿ ‘ಚಿತ್ರಬಾನಿ’ ಕಟ್ಟಿ, ಸಿನಿಮಾ ನೋಡುವುದನ್ನೂ ಕಲಿಯಬೇಕು, ಕಲಿಸಬಹುದು ಎಂದು ತೋರಿಸಿಕೊಟ್ಟರು.

ತರಗತಿಯ ಮಟ್ಟಿಗೆ ನಿಜವಾದ ತಿರುವು ತಂದದ್ದು ಮಾತ್ರ ವಿಡಿಯೊ ಕ್ಯಾಸೆಟ್. ಪ್ರೊಜೆಕ್ಟರ್ ಕಾಲದಲ್ಲಿ ಇಡೀ ಚಿತ್ರ ಹಾಕಬೇಕಿತ್ತು, ಅದಕ್ಕೆ ಒಂದು ಮಧ್ಯಾಹ್ನವೇ ಬೇಕು. ವಿಎಚ್‌ಎಸ್, ಆಮೇಲೆ ಡಿವಿಡಿ ಬಂದು, ಐದು ನಿಮಿಷದ ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಚರ್ಚಿಸುವುದು ಒಂದು ಪೀರಿಯಡ್‌ನೊಳಗಿನ ಕೆಲಸವಾಯಿತು. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಕಾಯ್ದೆ ಸರ್ಕಾರಿ ಶಾಲೆಗಳ ದೈನಂದಿನ ಪ್ರಾರ್ಥನೆ ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕು ಎಂದಿತು. ಚರ್ಚಿನ ಮೆಟ್ಟಿಲನ್ನೇ ತುಳಿಯದ ಮಕ್ಕಳೊಂದಿಗೆ ಮಾತು ಶುರುಮಾಡಲು ಶಿಕ್ಷಕರಿಗೆ ಸಿನಿಮಾ ಒದಗಿಬಂತು. 1995ರಲ್ಲಿ, ಸಿನಿಮಾದ ಶತಮಾನದ ಹೊತ್ತಿಗೆ, ವ್ಯಾಟಿಕನ್ 45 ಚಿತ್ರಗಳ ಪಟ್ಟಿ ಪ್ರಕಟಿಸಿತು. ಧರ್ಮ, ಮೌಲ್ಯ, ಕಲೆ ಎಂದು ಮೂರು ವಿಭಾಗ. ಮೌಲ್ಯದ ಸಾಲಿನಲ್ಲಿ ‘ಗಾಂಧಿ’ ಇತ್ತು, ‘ಬೈಸಿಕಲ್ ಥೀವ್ಸ್’ ಇತ್ತು. ನೋಡಬಾರದ್ದರ ಪಟ್ಟಿಯಿಂದ ನೋಡಬೇಕಾದ್ದರ ಪಟ್ಟಿಗೆ ಬರಲು ಚರ್ಚಿಗೆ ಸುಮಾರು ಅರವತ್ತು ವರ್ಷ ಹಿಡಿಯಿತು.

ಈ ಪಾಠಗಳಿಗೆ ಹೇಳಿ ಮಾಡಿಸಿದಂಥ ದೃಶ್ಯ ‘ಲೇ ಮಿಸೆರಾಬ್ಲ್’ನಲ್ಲಿದೆ. 2012ರ ಚಿತ್ರವನ್ನೇ ತೆಗೆದುಕೊಳ್ಳಿ. ಉಣ್ಣಲಿಟ್ಟು ಮಲಗಲು ಜಾಗ ಕೊಟ್ಟ ಬಿಷಪ್ಪರ ಬೆಳ್ಳಿ ಸಾಮಾನನ್ನೇ ಜೀನ್ ವಾಲ್‌ಜೀನ್ ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತರುತ್ತಾರೆ. ಇಲ್ಲಿ ಚಿತ್ರ ನಿಲ್ಲಿಸಿ, ‘ಬಿಷಪ್ಪರ ಜಾಗದಲ್ಲಿ ನೀವಿದ್ದರೆ?’ ಎಂದು ಕೇಳಬೇಕು. ಮುಂದೆ ಬಿಷಪ್, ಬೆಳ್ಳಿಯನ್ನು ತಾವೇ ಕೊಟ್ಟದ್ದೆಂದು ಹೇಳಿ, ಬಿಟ್ಟುಹೋದ ದೀಪಸ್ತಂಭಗಳನ್ನೂ ಅವನ ಕೈಗಿಡುತ್ತಾರೆ. ‘ಬಿಷಪ್ ಸುಳ್ಳು ಹೇಳಿದರಲ್ಲ ಸರ್?’ ಎಂದು ಒಂದು ಮಗುವಾದರೂ ಕೇಳಿದರೆ ಪಾಠ ಗೆದ್ದಂತೆ. ದಶಾಜ್ಞೆಗೂ ಕರುಣೆಗೂ ನಡುವಿನ ಇಕ್ಕಟ್ಟು ಆ ಪ್ರಶ್ನೆಯಲ್ಲಿದೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧಕ್ಕೆ ನಿಂತಂತೆ. ವಾಲ್‌ಜೀನ್‌ನ ಬೆನ್ನು ಬಿಡದ ಪೊಲೀಸ್ ಅಧಿಕಾರಿ ಜಾವೆರ್‌ನ ಕೊನೆಯನ್ನೂ ತೋರಿಸಬೇಕು. ವಾಲ್‌ಜೀನ್ ಕೊಟ್ಟ ಪ್ರಾಣಭಿಕ್ಷೆಯನ್ನು ತಾಳಲಾರದೆ ಅವನು ಸೇನ್ ನದಿಗೆ ಹಾರುತ್ತಾನೆ. ಒಬ್ಬನನ್ನು ಬದುಕಿಸಿದ ಕ್ಷಮೆ ಇನ್ನೊಬ್ಬನಿಗೆ ಸಹಿಸಲಾಗದ ಭಾರವಾದದ್ದೇಕೆ? ಹದಿಮೂರು ಹದಿನಾಲ್ಕರ ಮಕ್ಕಳು ಇದನ್ನು ಚರ್ಚಿಸಬಲ್ಲರು, ಶಿಕ್ಷಕರು ಅವಸರದಲ್ಲಿ ಬೈಬಲ್ ವಚನ ಓದಿ ಮಾತು ಮುಗಿಸದಿದ್ದರೆ.

ಆ ಅವಸರವೇ ಈ ಕ್ಷೇತ್ರದ ಹಳೆಯ ಕಾಯಿಲೆ. ಆಸ್ಟ್ರೇಲಿಯಾದ ವಿದ್ವಾಂಸ ಆಂಟನ್ ಕಾರ್ಲ್ ಕೊಜ್ಲೊವಿಕ್ 2004ರಲ್ಲಿ ತೆರೆಯ ಮೇಲಿನ ‘ಕ್ರಿಸ್ತಸದೃಶ’ ನಾಯಕನಿಗೆ 25 ಲಕ್ಷಣಗಳನ್ನು ಗುರುತಿಸಿದರು. ಅಧ್ಯಯನಕ್ಕೆ ಅದು ಉಪಯುಕ್ತವೇ. ತರಗತಿಯಲ್ಲಿ ಅದನ್ನೇ ಹಿಡಿದುಕೊಂಡರೆ ಮಾತ್ರ ಸೂಪರ್‌ಮ್ಯಾನ್ ಕೈ ಚಾಚಿದಲ್ಲೆಲ್ಲ ಶಿಲುಬೆ ಹುಡುಕುವ ಕೆಲಸವಾಗುತ್ತದೆ, ಮಕ್ಕಳ ಅನುಭವ ಹೊರಗೇ ಉಳಿಯುತ್ತದೆ. ಅದೇ 2004ರಲ್ಲಿ ಬಂದ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಬ್ರಿಟನ್ನಿನಲ್ಲಿ ಹದಿನೆಂಟು ದಾಟಿದವರಿಗೆ ಮಾತ್ರ ಎನಿಸಿಕೊಂಡಿತು. ಮರುವರ್ಷ ಬಂದ ನಾರ್ನಿಯಾ ಚಿತ್ರದ ಸಿಂಹ ಅಸ್ಲಾನ್‌ಗೆ ಅಂಥ ತಡೆಯಿರಲಿಲ್ಲ. ದ್ರೋಹ ಮಾಡಿದ ಹುಡುಗ ಎಡ್ಮಂಡ್‌ಗಾಗಿ ಅಸ್ಲಾನ್ ಸಾಯುವ ದೃಶ್ಯ ತ್ಯಾಗವನ್ನು ಕುರಿತ ಪಾಠಕ್ಕೆ ಸಿಕ್ಕಿತು.

ನಮ್ಮಲ್ಲಿ ಸಂದರ್ಭವೇ ಬೇರೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸಬಾರದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಅನೇಕ ಕಾನ್ವೆಂಟ್ ಶಾಲೆಗಳಲ್ಲಿ ಒಂದೇ ಪೀರಿಯಡ್‌ನಲ್ಲಿ ಕೆಲವರು ಕ್ಯಾಟಿಕಿಸಂಗೆ ಹೋಗುತ್ತಾರೆ, ಉಳಿದವರು ಮಾರಲ್ ಸೈನ್ಸ್‌ಗೆ. ಇಬ್ಬರೂ ಒಟ್ಟಿಗೆ ಕೂರಲು ಸಿನಿಮಾಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಹಾಗೆ ಕೂರಿಸುವುದಾದರೆ ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ (1985) ತೋರಿಸಿ ಎನ್ನುತ್ತೇನೆ. ಪುನೀತ್ ಅಭಿನಯಿಸಿದ ರಾಮು ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲೆಂದು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಬೈಬಲಿನಲ್ಲಿ ಬಡ ವಿಧವೆ ಕಾಣಿಕೆಗೆ ಹಾಕಿದ ಎರಡು ಕಾಸಿನ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ಓದಬಹುದು. ಆದರೆ ರಾಮುವಿನ ತ್ಯಾಗವನ್ನು ಹೊಗಳಿ ಎದ್ದುಬಿಡಬಾರದು. ಪುಸ್ತಕವೋ ಕಂಬಳಿಯೋ ಎಂದು ಆರಿಸಿಕೊಳ್ಳುವ ಸ್ಥಿತಿ ಅಷ್ಟು ಚಿಕ್ಕ ಹುಡುಗನಿಗೆ ಏಕೆ ಬಂತು, ಆ ಪುಸ್ತಕವನ್ನು ಅವನಿಗೆ ಕೊಡಿಸಬೇಕಾಗಿದ್ದವರು ಯಾರು ಎಂದೂ ಮಕ್ಕಳನ್ನು ಕೇಳಬೇಕು.